ಕಸದ ಬುಟ್ಟಿ, ಖಾಲಿ

ಟಾರ್ಟುವಿನಲ್ಲಿ ಜನವರಿಯ ಕತ್ತಲು ನಾಲ್ಕಕ್ಕೆ ಮೊದಲೇ ಬಂದು
ಕೋಟು ಬಿಚ್ಚದೆ ಕೂತುಬಿಡುತ್ತದೆ.
ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹೆಲ್ವೆ,
ಎದುರಿಗೆ ಯಾರೋ ದಾನ ಕೊಟ್ಟ ಕಂಪ್ಯೂಟರು,
ಪಕ್ಕದಲ್ಲಿ ಕಚ್ಚಿಬಿಟ್ಟ ರೈ ಬ್ರೆಡ್ಡು.
ಬೆಳಗ್ಗೆ ಒಂಬತ್ತಕ್ಕೆ ಆಡು ಬರುತ್ತಾನೆ.

ಆಡು ಅಂದರೆ ಸೊಪ್ಪು ಮುಟ್ಟುವ ಆಡಲ್ಲ,
ಆ ಸೀಮೆಯಲ್ಲಿ ಅದು ಗಂಡಸರ ಹೆಸರು.
ನಲವತ್ತು ವರ್ಷ ಪಿಯಾನೊಗಳ ಶ್ರುತಿ ಕೂಡಿಸಿದವನು,
ಹುಟ್ಟಿನಿಂದ ಕಣ್ಣಿಲ್ಲ.
ಪರದೆ ಅವನಿಗೆ ಗೋಡೆ,
ಗೋಡೆಯನ್ನು ಓದಿ ಹೇಳುವ ದನಿಯೊಂದು ಬೇಕು.
ದನಿಯನ್ನು ಹೆಲ್ವೆ ನಿನ್ನೆಯೇ ಹಾಕಿದ್ದಾಳೆ.
ಪಟ್ಟಿಯಲ್ಲಿ ಅದರ ಹೆಸರಿದೆ, ಉಸಿರಿದೆ,
ಬಾಯಿ ಮಾತ್ರ ಬಿಡುತ್ತಿಲ್ಲ.

ದೊಡ್ಡ ಡೆಸ್ಕ್‌ಟಾಪುಗಳಲ್ಲಿ
ಏಳುವಷ್ಟರಲ್ಲಿ ಒಲೆ ಉರಿಯುತ್ತಿರುತ್ತದೆ,
ಯಾರು ಎದ್ದು ಹಚ್ಚಿದರೆಂದು ಯಾರೂ ಕೇಳುವುದಿಲ್ಲ.
ಈ ಮುದಿ ಯಂತ್ರಕ್ಕೆ ಅಷ್ಟು ಭಾರ ತಾಳದೆಂದು
ಎಲ್ಲ ಕಳಚಿ, ಹತ್ತು ಸಾಲಿನ ಶೆಲ್ ಸ್ಕ್ರಿಪ್ಟೊಂದನ್ನೇ ಬಿಟ್ಟಿದ್ದಳು.
ಕಳಚಿದ್ದರಲ್ಲಿ ಒಲೆಯೂ ಹೋಗಿದೆ:
ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಹೇಳುವುದನ್ನೆಲ್ಲ
ಹೊತ್ತು ತಿರುಗುವ ಬಸ್ಸು.
ಅದನ್ನು ಹೊರಡಿಸುವವರೇ ಇಲ್ಲ.

ಮೊದಲು ಬೇರೆಯದೇ ಒಂದು ಪುಟ್ಟ ಸ್ಕ್ರಿಪ್ಟು ಬರೆದಳು.
ಅದು ಬಸ್ಸು ಹೊರಡಿಸಿತು, ವಿಳಾಸ ಪಡೆಯಿತು,
ಕೆಲಸ ಮುಗಿಯಿತೆಂದು ಸತ್ತೂ ಹೋಯಿತು.
ಶೆಲ್ಲಿನ ಮನೆತನ ಹಾಗೆ:
ತಾಯಿಯದೆಲ್ಲ ಮಗುವಿಗೆ ಬರುತ್ತದೆ,
ಮಗು ಕಂಡದ್ದು ತಾಯಿಗೆ ಹತ್ತುವುದಿಲ್ಲ.
ಬಸ್ಸು ಎಲ್ಲೋ ನಿಂತಿದೆ, ಇಂಜಿನ್ನು ಚಾಲೂ,
ನಿಲ್ದಾಣದ ಹೆಸರು ಸತ್ತವನ ಜೇಬಿನಲ್ಲಿ.

ಆಮೇಲೆ ಅವಸರಕ್ಕೆ ಎರಡು ಕಡೆ ಬರೆದಳು.
ಎರಡು ಬಸ್ಸು ಹೊರಟವು.
ಒಂದರಲ್ಲಿ ದನಿ ಕೂತಿತು,
ಇನ್ನೊಂದರಲ್ಲಿ ಓದಿಸಿಕೊಳ್ಳಬೇಕಾದ ಅಕ್ಷರ.
ಒಂದೇ ಬೀದಿ, ಕಿಟಕಿಗೆ ಮಂಜು,
ಪರಸ್ಪರ ಹಾದು ಹೋದವು.

ಹೆಲ್ವೆಗೆ ಎಂಟು ವರ್ಷವಿದ್ದಾಗ
ಅನ್ನೆಲಿನ್ನಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ
ಅಪ್ಪ ಅಮ್ಮ ಮಾತು ಬಿಟ್ಟು ಒಂದು ಚಳಿಗಾಲ ಕಳೆದಿದ್ದರು.
'ನಿಮ್ಮಪ್ಪನಿಗೆ ಹೇಳು, ಉಪ್ಪು ಮುಗಿದಿದೆ.'
'ನಿಮ್ಮಮ್ಮನಿಗೆ ಹೇಳು, ನನಗೂ ಕಣ್ಣಿದೆ.'
ಅಡುಗೆಮನೆಯಿಂದ ಹಾಲಿಗೆ ಹನ್ನೊಂದು ಹೆಜ್ಜೆ.
ದಾರಿಯಲ್ಲಿ ಅವಳು ಒಂದೊಂದು 'ದಯವಿಟ್ಟು' ಸೇರಿಸುತ್ತಿದ್ದಳು,
ಕಣ್ಣಿನ ಮಾತನ್ನು ಬೀಳಿಸಿಯೇ ಬರುತ್ತಿದ್ದಳು.
ಈ ಬಸ್ಸು ಏನನ್ನೂ ಸೇರಿಸುವುದಿಲ್ಲ,
ಏನನ್ನೂ ಬೀಳಿಸುವುದಿಲ್ಲ.
ಒಳ್ಳೆಯದೋ ಕೆಟ್ಟದ್ದೋ
ಅವಳಿಗೆ ಇನ್ನೂ ಗೊತ್ತಿಲ್ಲ.

ಮೂರನೆಯ ಸಲ, ಒಂದೇ ಫೈಲು, ಎಲ್ಲಕ್ಕೂ ಮೇಲೆ:
ವಿಳಾಸ ಈಗಾಗಲೇ ಇದೆಯೇ ನೋಡು.
ಇದ್ದರೆ ಕೈ ಕಟ್ಟಿ ಕೂರು.
ಇಲ್ಲದಿದ್ದರೆ ಮಾತ್ರ ಹೊರಡಿಸು,
ಅದು ಉಗುಳಿದ ಸಾಲನ್ನು ನೀನೇ ನುಂಗು,
ನಿನ್ನಿಂದ ಹುಟ್ಟುವವರಿಗೆಲ್ಲ ಹಂಚು.
ಆಮೇಲೇ ಕಿಟಕಿ, ಆಮೇಲೇ ದನಿ.
ಹೋಗುವಾಗ ಬಸ್ಸನ್ನೂ ಆರಿಸಿ ಹೋಗು,
ಇಲ್ಲವಾದರೆ ಮನೆಯವರು ಮಲಗಿದ ಮೇಲೂ
ಯಾರಿಗೋ ಕಾಯುತ್ತ ಗುರುಗುಡುತ್ತಿರುತ್ತದೆ.

ಒಂದು ಉದ್ಧರಣ ಚಿಹ್ನೆ ಮುಚ್ಚದೆ ಇಪ್ಪತ್ತು ನಿಮಿಷ ಹೋಯಿತು.
ಬ್ರೆಡ್ಡು ಕಲ್ಲಾಯಿತು.

ಐದೂ ಹತ್ತು.
ಸ್ಪೀಕರು ಗಂಟಲು ಸರಿಮಾಡಿಕೊಂಡಿತು:
'ಕಸದ ಬುಟ್ಟಿ. ಖಾಲಿ.'

ನೆಲಮಾಳಿಗೆಯಲ್ಲಿ ಒಬ್ಬಳೇ
ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು,
ಮತ್ತೊಮ್ಮೆ ಕೇಳಲೆಂದು ಬಾಣವನ್ನು ಆಚೆ ಈಚೆ ಆಡಿಸಿದಳು.
ಖಾಲಿ. ಖಾಲಿ.
ಇಷ್ಟು ತುಂಬಿದ ಮಾತನ್ನು ಅವಳು ವರ್ಷದಲ್ಲಿ ಕೇಳಿರಲಿಲ್ಲ.

ಒಂಬತ್ತಕ್ಕೆ ಆಡು ಬಂದ.
ಬೂಟಿನ ಹಿಮ ಕೊಡವಿ, ಕುರ್ಚಿ ತಡವಿ,
ಮೇಜಿನ ಮೇಲೆ ಎರಡೂ ಅಂಗೈ ಊರಿ ಕೂತ.
ದನಿ ಅವನಿಗೆ ಇಡೀ ಗೋಡೆಯನ್ನು ಓದಿ ಹೇಳಿತು.
ತಲೆ ವಾಲಿಸಿ ಕೊನೆಯವರೆಗೂ ಕೇಳಿದ.
'ಚೆನ್ನಾಗಿದೆ,' ಅಂದ,
'ಅರ್ಧ ಸ್ವರ ಕೆಳಗಿದೆ.'

ಹೆಲ್ವೆ ಕುರ್ಚಿ ಎಳೆದುಕೊಂಡು
ಮತ್ತೆ ಫೈಲು ತೆರೆದಳು.